ವಾಟರ್‌ಫರ್ಡ್ ಕಮ್‌ಹ್ಲಾಬಾ

ವಾಟರ್‌ಫರ್ಡ್ ಕಮ್‌ಹ್ಲಾಬಾ: ಆಫ್ರಿಕ ಖಂಡದ ದಕ್ಷಿಣ ಭಾಗದ ಚಿಕ್ಕ ರಾಜ್ಯವಾದ ಎಸ್ವಾಟಿನಿಯ (ಹಿಂದಿನ ಹೆಸರು ಸ್ವಾಜಿಲ್ಯಾಂಡ್) ಆಡಳಿತ ರಾಜಧಾನಿ ಎಂಬಬಾನೆ ನಗರಕ್ಕೆ ಅಂಟಿಕೊಂಡ ಬೆಟ್ಟದ ಮೇಲಿರುವ ಸ್ವತಂತ್ರ ಅಂತರರಾಷ್ಟ್ರೀಯ ಶಾಲೆ. ಬಹುಪಾಲು ವಿದ್ಯಾರ್ಥಿಗಳು ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. 1963ರಲ್ಲಿ 16 ಹುಡುಗರೊಂದಿಗೆ ಆರಂಭವಾಯಿತು. ನೆರೆಯ ದಕ್ಷಿಣ ಆಫ್ರಿಕದಲ್ಲಿ ಬೇರೆ ಬೇರೆ ಬಣ್ಣದ ಮಕ್ಕಳು ಒಂದೇ ಬೆಂಚಿನ ಮೇಲೆ ಕೂರುವುದನ್ನು ಕಾನೂನೇ ತಡೆದಿದ್ದ ಕಾಲದಲ್ಲಿ, ಎಲ್ಲ ಬಣ್ಣದ ಮಕ್ಕಳನ್ನೂ ಒಟ್ಟಿಗೆ ಓದಿಸಲೆಂದೇ ಹುಟ್ಟಿದ ಶಾಲೆ ಇದು. 1981ರಿಂದ ಯುನೈಟೆಡ್ ವರ್ಲ್ಡ್ ಕಾಲೇಜಸ್ (ಯು.ಡಬ್ಲ್ಯು.ಸಿ.) ಎಂಬ ಜಾಗತಿಕ ಶಿಕ್ಷಣ ಚಳವಳಿಯ ಸದಸ್ಯ, ಆ ಚಳವಳಿಯ ನಾಲ್ಕನೆಯ ಸಂಸ್ಥೆ, ಆಫ್ರಿಕದಲ್ಲಿ ಮೊದಲನೆಯದು.

ಆಫ್ರಿಕದ ರಾಜಧಾನಿಗಳಲ್ಲಿ ಅಂತರರಾಷ್ಟ್ರೀಯ ಶಾಲೆಗಳಿಗೆ ಕೊರತೆಯಿಲ್ಲ. ನೈರೋಬಿ, ಅಕ್ರಾ, ಆಡಿಸ್ ಅಬಾಬಾ ಮೊದಲಾದ ಕಡೆ ಇರುವ ಇಂಥ ಅನೇಕ ಶಾಲೆಗಳು ರಾಯಭಾರ ಕಚೇರಿಗಳ, ವಿಶ್ವಸಂಸ್ಥೆಯ, ಹೊರದೇಶದ ಕಂಪನಿಗಳ ನೌಕರರ ಮಕ್ಕಳಿಗಾಗಿ ಹುಟ್ಟಿಕೊಂಡವು. ತಂದೆತಾಯಿಯ ವರ್ಗಾವಣೆಯ ಜೊತೆಗೆ ಮಕ್ಕಳೂ ಬರುತ್ತಾರೆ, ಹೋಗುತ್ತಾರೆ. ವಾಟರ್‌ಫರ್ಡ್ ಹುಟ್ಟಿದ ಕಾರಣ ಬೇರೆ. ಈ ಲೇಖನದಲ್ಲಿ ಅದರ ಹುಟ್ಟಿಗೆ ಹೆಚ್ಚು ಜಾಗ ಕೊಟ್ಟಿರುವುದೂ ಅದಕ್ಕಾಗಿಯೇ.

ನೆಲೆ

ಎಸ್ವಾಟಿನಿಯ ವಿಸ್ತೀರ್ಣ 17,364 ಚದರ ಕಿಲೋಮೀಟರ್. ಉತ್ತರ, ಪಶ್ಚಿಮ, ದಕ್ಷಿಣಗಳಲ್ಲಿ ದಕ್ಷಿಣ ಆಫ್ರಿಕ ಸುತ್ತುವರಿದಿದೆ; ಪೂರ್ವಕ್ಕೆ ಮೊಜಾಂಬಿಕ್. ಸಮುದ್ರವಿಲ್ಲ. 1968ರ ಸೆಪ್ಟೆಂಬರ್ 6ರವರೆಗೆ ಇದು ಬ್ರಿಟಿಷರ ರಕ್ಷಣೆಯಲ್ಲಿದ್ದ ಸಂಸ್ಥಾನ. 2018ರಲ್ಲಿ ಅರಸ ಮೂರನೆಯ ಎಂಸ್ವಾಟಿ ಇದಕ್ಕೆ ಎಸ್ವಾಟಿನಿ, ಅಂದರೆ ಸ್ವಾಜಿಗಳ ನಾಡು, ಎಂಬ ದೇಶೀಯ ಹೆಸರನ್ನು ಮರಳಿ ಕೊಟ್ಟ. ಅರಮನೆಯೂ ಸಂಸತ್ತೂ ಇರುವುದು ಎಜುಲ್ವಿನಿ ಕಣಿವೆಯ ಲೊಬಾಂಬಾದಲ್ಲಿ. ಸರ್ಕಾರಿ ಕಚೇರಿಗಳು ಎಂಬಬಾನೆಯಲ್ಲಿವೆ. ಸುಮಾರು 1,200 ಮೀಟರ್ ಎತ್ತರದ ಈ ಊರನ್ನು ಬ್ರಿಟಿಷರು 1902ರಲ್ಲಿ ಆಡಳಿತ ಕೇಂದ್ರ ಮಾಡಿಕೊಂಡರು. ತಂಪು ಹವೆ, ಅಕ್ಟೋಬರಿನಿಂದ ಮಾರ್ಚಿನವರೆಗೆ ಮಳೆ, ಬೆಟ್ಟಗಳ ಮೇಲೆ ಮಂಜು.

ಎಂಬಬಾನೆಯಿಂದ ಪಶ್ಚಿಮಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಗಡಿ. ಈಚೆ ಎಂಗ್ವೆನ್ಯಾ, ಆಚೆ ಓಷೂಕ್. ಅಲ್ಲಿಂದ ಒಂದು ಹಗಲಿನ ಪಯಣದಲ್ಲಿ ಜೊಹಾನ್ಸ್‌ಬರ್ಗ್ ಸಿಗುತ್ತದೆ. ಶಾಲೆಯ ಇಡೀ ಚರಿತ್ರೆ ಈ ದಾರಿಯ ಮೇಲೆ ನಡೆದಿದೆ. ಗಡಿ ಇನ್ನೂ ದೂರವಿದ್ದಿದ್ದರೆ ಜೊಹಾನ್ಸ್‌ಬರ್ಗಿನ ಬಡ ಕರಿಯ ಕುಟುಂಬದ ಮಗು ಇಲ್ಲಿಗೆ ಬರಲಾಗುತ್ತಿರಲಿಲ್ಲ. ಗಡಿಯೇ ಇಲ್ಲದಿದ್ದರೆ ಶಾಲೆಯನ್ನು ತೆರೆಯಲೂ ಬಿಡುತ್ತಿರಲಿಲ್ಲ.

ಹಿನ್ನೆಲೆ: ಮುಚ್ಚಿಹೋದ ಒಂದು ಶಾಲೆ

1948ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. ಅದುವರೆಗೆ ರೂಢಿಯಲ್ಲಿದ್ದ ಬಣ್ಣದ ತಾರತಮ್ಯ ಒಂದೊಂದಾಗಿ ಕಾನೂನಿನ ಪುಸ್ತಕ ಸೇರಿತು. 1950ರ ಗ್ರೂಪ್ ಏರಿಯಾಸ್ ಕಾಯಿದೆ ಯಾವ ಬಣ್ಣದವರು ಯಾವ ಬಡಾವಣೆಯಲ್ಲಿ ಬದುಕಬೇಕು ಎಂದು ಗೆರೆ ಎಳೆಯಿತು. 1953ರ ಇನ್ನೊಂದು ಕಾಯಿದೆ ಪಾರ್ಕಿನ ಬೆಂಚು, ರೈಲು ಡಬ್ಬಿ, ಅಂಚೆ ಕಚೇರಿಯ ಬಾಗಿಲು, ಸಮುದ್ರತೀರ ಎಲ್ಲವನ್ನೂ ಬಣ್ಣದ ಲೆಕ್ಕದಲ್ಲಿ ಹಂಚಲು ದಾರಿ ಮಾಡಿಕೊಟ್ಟಿತು. ಅದೇ ವರ್ಷ ಬಂದ ಬಂಟು ಶಿಕ್ಷಣ ಕಾಯಿದೆಯ ಪೆಟ್ಟು ನೇರವಾಗಿ ಬಿದ್ದದ್ದು ಮಕ್ಕಳ ಮೇಲೆ.

ಅಲ್ಲಿಯವರೆಗೆ ಕರಿಯ ಮಕ್ಕಳಿಗೆ ಒಳ್ಳೆಯ ಓದು ಸಿಗುತ್ತಿದ್ದದ್ದು ಹೆಚ್ಚಾಗಿ ಮಿಷನ್ ಶಾಲೆಗಳಲ್ಲಿ. ಹೊಸ ಕಾಯಿದೆಯಿಂದ ಆ ಶಾಲೆಗಳ ಸರ್ಕಾರಿ ಅನುದಾನ ನಿಂತಿತು. ಪಠ್ಯಕ್ರಮ ಸರ್ಕಾರದ ಕೈಗೆ ಹೋಯಿತು. ಅದರ ರೂವಾರಿ ಹೆಂಡ್ರಿಕ್ ಫರ್‌ವೂರ್ಟ್ ತನ್ನ ಉದ್ದೇಶವನ್ನು ಮುಚ್ಚಿಡಲಿಲ್ಲ: ಬಿಳಿಯರ ಸಮಾಜದಲ್ಲಿ ಕೆಲವು ಬಗೆಯ ಕೂಲಿಗಿಂತ ಮೇಲಿನ ಸ್ಥಾನ ಕರಿಯರಿಗಿಲ್ಲ, ಹಾಗಿರುವಾಗ ಮೇಲಿನ ಓದು ಅವರಿಗೇಕೆ ಎಂಬುದು ಅವನ ವಾದ. ಮಿಷನ್‌ಗಳ ಮುಂದೆ ಉಳಿದದ್ದು ಎರಡೇ ದಾರಿ. ಶಾಲೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಇಲ್ಲವೇ ಬೀಗ ಹಾಕಬೇಕು.

ಜೊಹಾನ್ಸ್‌ಬರ್ಗಿನ ರೋಸೆಟೆನ್‌ವಿಲ್‌ನಲ್ಲಿದ್ದ ಸೇಂಟ್ ಪೀಟರ್ಸ್ ಶಾಲೆ ಬೀಗ ಹಾಕಿತು. ಅದು ಸಾಮಾನ್ಯ ಶಾಲೆಯಾಗಿರಲಿಲ್ಲ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ನಾಯಕ ಆಲಿವರ್ ಟಾಂಬೋ ಅಲ್ಲೇ ಓದಿ, ಅಲ್ಲೇ ಗಣಿತ ಮತ್ತು ವಿಜ್ಞಾನ ಕಲಿಸಿದವರು. ಜಗತ್ಪ್ರಸಿದ್ಧ ಸಂಗೀತಗಾರ ಹ್ಯೂ ಮಸೆಕೆಲಾ ಹುಡುಗನಾಗಿದ್ದಾಗ ಮೊದಲ ಟ್ರಂಪೆಟ್ ಕೈಗೆ ಸಿಕ್ಕದ್ದು ಅಲ್ಲಿನ ಪಾದ್ರಿ ಟ್ರೆವರ್ ಹಡಲ್‌ಸ್ಟನ್ ಅವರಿಂದ. ವರ್ಣಭೇದ ನೀತಿಯನ್ನು ಬಹಿರಂಗವಾಗಿ ಖಂಡಿಸುತ್ತಿದ್ದ ಹಡಲ್‌ಸ್ಟನ್ ಅವರನ್ನು ಅವರ ಪಂಥದವರು ಇಂಗ್ಲೆಂಡಿಗೆ ಹಿಂದಕ್ಕೆ ಕರೆಸಿಕೊಂಡರು. 1956ರ ಕೊನೆಗೆ ಶಾಲೆಯೂ ಮುಚ್ಚಿತು.

ಖಾಲಿಯಾದ ಅದೇ ಕಟ್ಟಡಗಳಲ್ಲಿ ಮುಂದೆ ಸೇಂಟ್ ಮಾರ್ಟಿನ್ಸ್ ಎಂಬ ಖಾಸಗಿ ಶಾಲೆ ತೆರೆಯಿತು. ಕಾನೂನಿನ ಪ್ರಕಾರ ಬಿಳಿಯ ಮಕ್ಕಳಿಗೆ ಮಾತ್ರ. ಅದರ ಮುಖ್ಯೋಪಾಧ್ಯಾಯರಾಗಿ ಬಂದ ಇಂಗ್ಲಿಷ್ ಶಿಕ್ಷಕ ಮೈಕೆಲ್ ಸ್ಟರ್ನ್ ಅವರೇ ವಾಟರ್‌ಫರ್ಡ್ ಸ್ಥಾಪಕ. ಕರಿಯ ಮಕ್ಕಳನ್ನು ಎಬ್ಬಿಸಿ ಕಳಿಸಿದ ಕೋಣೆಗಳಲ್ಲಿ ಬಿಳಿಯ ಮಕ್ಕಳಿಗೆ ಪಾಠ ಹೇಳುವ ಕೆಲಸ ಅವರ ಪಾಲಿಗೆ ಬಂದಿತ್ತು. ಅಂಥ ಕೆಲಸದಲ್ಲಿ ನೆಮ್ಮದಿಯಾಗಿ ನಿವೃತ್ತಿಯವರೆಗೆ ಇದ್ದುಬಿಟ್ಟವರು ಬೇಕಾದಷ್ಟು ಮಂದಿ. ಸ್ಟರ್ನ್ ಹಾಗೆ ಇರಲಿಲ್ಲ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಬಲಿಯಾದರು. ಮರುವರ್ಷ ದಕ್ಷಿಣ ಆಫ್ರಿಕ ಕಾಮನ್‌ವೆಲ್ತ್ ಬಿಟ್ಟು ಹೊರನಡೆಯಿತು. ಎಲ್ಲರಿಗೂ ತೆರೆದ ಶಾಲೆಯನ್ನು ಆ ದೇಶದೊಳಗೆ ನಡೆಸುವುದು ಸಾಧ್ಯವಿಲ್ಲ ಎಂಬುದು ಸ್ಪಷ್ಟವಾಗಿತ್ತು. ಸ್ಟರ್ನ್ ಗಡಿಯಾಚೆ ಜಾಗ ಹುಡುಕಿದರು.

ಇಲ್ಲಿ ಒಂದು ಮಾತನ್ನು ಬಿಡುವಂತಿಲ್ಲ. ಸ್ವಾಜಿಲ್ಯಾಂಡ್ ಆಗ ಬ್ರಿಟಿಷರ ಕೈಯಲ್ಲಿತ್ತು ಎಂದ ಮಾತ್ರಕ್ಕೆ ಅಲ್ಲಿ ಬಣ್ಣದ ಗೋಡೆ ಇರಲಿಲ್ಲವೆಂದಲ್ಲ. ವಸಾಹತು ಆಡಳಿತದಲ್ಲಿ ಅಲ್ಲಿಯೂ ಬಿಳಿಯರ ಶಾಲೆ ಬೇರೆ, ಸ್ವಾಜಿಗಳ ಶಾಲೆ ಬೇರೆ, ಮಿಶ್ರ ಸಂತಾನದವರ ಶಾಲೆ ಬೇರೆ ಇತ್ತು. ಆದ್ದರಿಂದ ಹೊಸ ಶಾಲೆ ದಕ್ಷಿಣ ಆಫ್ರಿಕಕ್ಕೆ ಎಷ್ಟು ಹೊಸತೋ ಸ್ವಾಜಿಲ್ಯಾಂಡಿಗೂ ಹೆಚ್ಚುಕಡಿಮೆ ಅಷ್ಟೇ ಹೊಸತು. ವ್ಯತ್ಯಾಸವೆಂದರೆ ಇಲ್ಲಿ ಅದನ್ನು ತೆರೆದರೆ ಜೈಲಿಗೆ ಹೋಗಬೇಕಿರಲಿಲ್ಲ.

ಆರಂಭದ ವರ್ಷಗಳು

ಜಾಗ ಸಿಕ್ಕದ್ದು ಎಂಬಬಾನೆಯ ಮೇಲಿನ ಬೆಟ್ಟದಲ್ಲಿ, ವಾಟರ್‌ಫರ್ಡ್ ಎಂದು ಹೆಸರಿದ್ದ ಎಸ್ಟೇಟಿನ ಜಮೀನಿನಲ್ಲಿ. ಶಾಲೆಯ ಹೆಸರಿನ ಮೊದಲ ಅರ್ಧ ಅಲ್ಲಿಂದ ಬಂದದ್ದು. ಬಂಡೆ, ಹುಲ್ಲು, ಇಳಿಜಾರು. ಹಣ ಕಡಿಮೆ. ಕಟ್ಟಡಗಳ ವಿನ್ಯಾಸ ಮಾಡಿಕೊಟ್ಟವರು ಮೊಜಾಂಬಿಕ್‌ನ ಲೊರೆನ್ಸೊ ಮಾರ್ಕೆಸ್‌ನಲ್ಲಿ (ಇಂದಿನ ಮಪುಟೊ) ನೆಲೆಸಿದ್ದ ಪೋರ್ಚುಗೀಸ್ ವಾಸ್ತುಶಿಲ್ಪಿ ಪಾಂಚೊ ಗೆಡೆಸ್ (1925-2015). ಇಪ್ಪತ್ತನೆಯ ಶತಮಾನದ ಆಫ್ರಿಕದ ಅತ್ಯಂತ ಸ್ವತಂತ್ರ ಬುದ್ಧಿಯ ವಾಸ್ತುಶಿಲ್ಪಿಗಳಲ್ಲಿ ಒಬ್ಬರೆಂದು ಗೆಡೆಸ್ ಅವರನ್ನು ಎಣಿಸುತ್ತಾರೆ. ಮಪುಟೊದ ‘ನಗುವ ಸಿಂಹ’ ಎಂಬ ವಸತಿ ಕಟ್ಟಡ ಅವರ ಹೆಸರಾಂತ ಕೃತಿ. ಚಿತ್ರಕಾರರೂ ಶಿಲ್ಪಿಯೂ ಆಗಿದ್ದ ಅವರು ಮುಂದೆ ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾದರು. ದೊಡ್ಡ ಹೆಸರಿನ ಕಲಾವಿದನೊಬ್ಬ ಕಾಸಿಲ್ಲದ ಶಾಲೆಯೊಂದಕ್ಕೆ ನಕ್ಷೆ ಬರೆದುಕೊಟ್ಟದ್ದು ಈ ಸಾಹಸದ ಮೇಲೆ ಆ ಕಾಲದ ಸಜ್ಜನರಿಗಿದ್ದ ನಂಬಿಕೆಯನ್ನು ತೋರಿಸುತ್ತದೆ.

1963ರ ಫೆಬ್ರವರಿಯಲ್ಲಿ ತರಗತಿಗಳು ಆರಂಭವಾದವು. ಆರಂಭದಲ್ಲಿ ಹುಡುಗರಿಗೆ ಮಾತ್ರ ಪ್ರವೇಶ. ಹುಡುಗಿಯರು ಸೇರಿದ್ದು ಅನಂತರ. ಆ 16 ಹುಡುಗರು ಮಾಡುತ್ತಿದ್ದದ್ದೇನು? ಒಂದೇ ಕೋಣೆಯಲ್ಲಿ ಸಾಲಾಗಿ ಹಾಕಿದ ಮಂಚಗಳ ಮೇಲೆ ಮಲಗುವುದು, ಒಂದೇ ಮೇಜಿನ ಸುತ್ತ ಉಣ್ಣುವುದು, ಒಂದೇ ನಲ್ಲಿಯಲ್ಲಿ ಮುಖ ತೊಳೆಯುವುದು, ಒಂದೇ ತಂಡದಲ್ಲಿ ಚೆಂಡಾಡುವುದು. ಯಾವ ಹಾಸ್ಟೆಲ್‌ನಲ್ಲಾದರೂ ನಡೆಯುವ ಸಂಗತಿಗಳೇ. ಆದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆಗೆ ಇವುಗಳಲ್ಲಿ ಒಂದಕ್ಕೂ ಅವಕಾಶವಿರಲಿಲ್ಲ. ವರ್ಣಭೇದ ನೀತಿಯವರು ಇಡೀ ಸರ್ಕಾರವನ್ನು ನಡೆಸುತ್ತಿದ್ದದ್ದು ಒಂದು ಹೇಳಿಕೆಯ ಮೇಲೆ: ಬೇರೆ ಬೇರೆ ಬಣ್ಣದವರು ಒಟ್ಟಿಗೆ ಬಾಳಲಾರರು, ಒಟ್ಟಿಗೆ ಬಿಟ್ಟರೆ ಕಾದಾಡುತ್ತಾರೆ. ಆ ಹೇಳಿಕೆಗೆ ವಾಟರ್‌ಫರ್ಡ್ ಕೊಟ್ಟ ಉತ್ತರ ಭಾಷಣವಲ್ಲ, ವೇಳಾಪಟ್ಟಿ. ಬೆಳಗ್ಗೆ ಏಳುವುದರಿಂದ ರಾತ್ರಿ ದೀಪ ಆರಿಸುವವರೆಗೆ ಪ್ರತಿದಿನವೂ ಅದು ಸುಳ್ಳೆಂದು ತೋರಿಸಿಕೊಟ್ಟಿತು.

ರಜೆಯ ದಿನ ಬಂದಾಗ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತಿತ್ತು. 1963ರ ಜುಲೈಯಿಂದ ದಕ್ಷಿಣ ಆಫ್ರಿಕ ಈ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಶುರುಮಾಡಿತು. ಮೂರು ತಿಂಗಳು ಪಕ್ಕದ ಪಕ್ಕದ ಮಂಚದಲ್ಲಿ ಮಲಗಿದ್ದ ಇಬ್ಬರು ಗೆಳೆಯರು, ಒಬ್ಬ ಬಿಳಿಯ, ಒಬ್ಬ ಕರಿಯ, ಊರಿಗೆ ಹೊರಟರೆ ಗಡಿ ದಾಟುತ್ತಲೇ ಅವರ ದಾರಿ ಕವಲಾಗಬೇಕು. ರೈಲಿನಲ್ಲಿ ಡಬ್ಬಿ ಬೇರೆ. ಜೊಹಾನ್ಸ್‌ಬರ್ಗಿನಲ್ಲಿ ಇಳಿದರೆ ಸಿನಿಮಾ ಮಂದಿರ ಬೇರೆ, ಹೋಟೆಲ್ ಬೇರೆ. ಗೆಳೆಯನನ್ನು ನೋಡಲು ಬಿಳಿಯ ಹುಡುಗ ಕರಿಯರ ಬಡಾವಣೆಯಾದ ಸೊವೆಟೊಗೆ ಹೋಗಬೇಕೆಂದರೆ ಸರ್ಕಾರದ ಪರವಾನಗಿ ಬೇಕು. ಕರಿಯ ಹುಡುಗ ಹದಿನಾರು ತುಂಬಿದ ಮೇಲೆ ಬಿಳಿಯರ ಬಡಾವಣೆಯಲ್ಲಿ ಕಾಲಿಟ್ಟರೆ ಜೇಬಿನಲ್ಲಿ ಪಾಸ್ ಇರಬೇಕು, ಇಲ್ಲದಿದ್ದರೆ ಪೊಲೀಸ್ ವ್ಯಾನು. ರಜೆ ಮುಗಿಸಿ ಇಬ್ಬರೂ ಮತ್ತೆ ಬೆಟ್ಟ ಹತ್ತಿದರೆ ಅದೇ ಸಾಲು ಮಂಚ. ಕಾನೂನು ಮನುಷ್ಯ ಮಾಡಿದ್ದು, ನಿಸರ್ಗದ್ದಲ್ಲ ಎಂಬುದನ್ನು ಆ ಮಕ್ಕಳಿಗೆ ಯಾರೂ ಪಾಠ ಮಾಡಿ ಹೇಳಬೇಕಾಗಿರಲಿಲ್ಲ.

ಹೆಸರು

1967ರಲ್ಲಿ ಸ್ವಾಜಿಗಳ ಅರಸ ಎರಡನೆಯ ಸೊಭುಜಾ ಶಾಲೆಗೆ ಭೇಟಿ ಕೊಟ್ಟು ಅದಕ್ಕೆ ‘ಕಮ್‌ಹ್ಲಾಬಾ’ ಎಂಬ ಹೆಸರನ್ನಿತ್ತ. ಸ್ವಾತಿ ಭಾಷೆಯಲ್ಲಿ ‘ಉಮ್‌ಹ್ಲಾಬಾ’ ಎಂದರೆ ಭೂಮಿ. ನೆಲ ಎಂಬ ಅರ್ಥವೂ ಇದೆ, ಲೋಕ ಎಂಬ ಅರ್ಥವೂ ಇದೆ. ಹೀಗಾಗಿ ಈ ಒಂದೇ ಹೆಸರು ಎರಡು ಮಾತು ಹೇಳುತ್ತದೆ: ಇಲ್ಲಿರುವವರು ಎಲ್ಲರೂ ಮಣ್ಣಿನ ಮಕ್ಕಳು, ಅವರಲ್ಲಿ ಬಣ್ಣ, ಮತ, ಕುಲದ ಭೇದವಿಲ್ಲ, ಈ ಶಾಲೆ ಒಂದು ಪುಟ್ಟ ಲೋಕ. ಕನ್ನಡದಲ್ಲಿ ‘ಭೂಮಿ’ ಎಂಬ ಮಾತಿಗೂ ನೆಲ ಮತ್ತು ಲೋಕ ಎರಡೂ ಅರ್ಥ ಇರುವುದರಿಂದ ನಮಗೆ ಇದು ಸುಲಭವಾಗಿ ಹಿಡಿಯುತ್ತದೆ.

ಹಾಸ್ಟೆಲ್‌ಗಳಿಗೂ ಇದೇ ಭಾಷೆಯ ಹೆಸರುಗಳು: ಎಲಂಗೆನಿ (ಸೂರ್ಯನಲ್ಲಿ), ಎಸಿವೆನಿ (ಜನಾಂಗದಲ್ಲಿ), ಎಮ್‌ಹ್ಲಾಬೆನಿ (ಭೂಮಿಯಲ್ಲಿ). ಇಂಗ್ಲಿಷರು ಕಟ್ಟಿದ ಶಾಲೆಗಳಲ್ಲಿ ಹಾಸ್ಟೆಲ್‌ಗಳಿಗೆ ಇಂಗ್ಲೆಂಡಿನ ಬಿಷಪ್ಪರ, ಸೇನಾಪತಿಗಳ ಹೆಸರಿಡುವ ರೂಢಿ ಆಫ್ರಿಕದಲ್ಲೂ ಭಾರತದಲ್ಲೂ ಇತ್ತು. ಇಲ್ಲಿ ನೆಲದ ಮಾತು ಗೆದ್ದಿತು.

ಸೊಭುಜಾನ ಬೆಂಬಲ ಶಾಲೆಗೆ ಬಲವಾದ ರಕ್ಷಣೆಯಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಅದೇ ಅರಸ 1973ರ ಏಪ್ರಿಲ್‌ನಲ್ಲಿ ದೇಶದ ಸಂವಿಧಾನವನ್ನು ರದ್ದುಮಾಡಿ, ರಾಜಕೀಯ ಪಕ್ಷಗಳನ್ನು ನಿಷೇಧಿಸಿ, ಸಕಲ ಅಧಿಕಾರವನ್ನೂ ತನ್ನ ಕೈಗೆ ತೆಗೆದುಕೊಂಡದ್ದೂ ನಿಜ. ಎಸ್ವಾಟಿನಿ ಇಂದಿಗೂ ಅರಸನೇ ಸರ್ವಾಧಿಕಾರಿಯಾಗಿರುವ ರಾಜ್ಯ. ಸಮಾನತೆ ಕಲಿಸುವ ಶಾಲೆಯೊಂದು ಇಂಥ ನೆಲದಲ್ಲಿ ಬೆಳೆದದ್ದನ್ನು ಬರೆಯುವಾಗ ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಇಡಬೇಕು.

ಗಡಿ ದಾಟಿ ಬಂದವರು

ಬಂಟು ಶಿಕ್ಷಣದಿಂದ ತಮ್ಮ ಮಕ್ಕಳನ್ನು ಉಳಿಸಿಕೊಳ್ಳಬೇಕೆಂದು ಹಟ ತೊಟ್ಟ ಕುಟುಂಬಗಳಿಗೆ ವಾಟರ್‌ಫರ್ಡ್ ಒಂದು ಆಸರೆಯಾಯಿತು. ವರ್ಣಭೇದ ನೀತಿಯ ವಿರುದ್ಧ ಹೋರಾಡಿದ ನಾಯಕರ ಮಕ್ಕಳೂ ಅವರಲ್ಲಿದ್ದರು: ನೆಲ್ಸನ್ ಮಂಡೇಲಾ ಅವರ ಹೆಣ್ಣುಮಕ್ಕಳಾದ ಜೆನಾನಿ ಮತ್ತು ಜಿಂಡ್ಜಿ, ವಾಲ್ಟರ್ ಮತ್ತು ಆಲ್ಬರ್ಟಿನಾ ಸಿಸುಲು ದಂಪತಿಯ ಮಗಳು ಲಿಂಡಿವೆ, ಡೆಸ್ಮಂಡ್ ಟುಟು ಅವರ ಮಕ್ಕಳು ಇಲ್ಲಿ ಓದಿದವರು. ಮಂಡೇಲಾ ಮತ್ತು ವಾಲ್ಟರ್ ಸಿಸುಲು 1964ರ ಜೂನ್‌ನಿಂದ ರಾಬೆನ್ ದ್ವೀಪದಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದರು. ತಂದೆ ಜೈಲಿನಲ್ಲಿ, ತಾಯಿಯ ಮೇಲೆ ಪೊಲೀಸರ ಕಣ್ಗಾವಲು. ತಾಯ್ನಾಡಿನಲ್ಲಿ ಸೇರಿಸಿಕೊಂಡ ಶಾಲೆಗೂ ಪೊಲೀಸರು ಹೋಗಿ ಹೆದರಿಸುತ್ತಿದ್ದರು. ಹೀಗಾಗಿ ಮಂಡೇಲಾ ಮಕ್ಕಳು ಮೊದಲು ಸ್ವಾಜಿಲ್ಯಾಂಡಿನ ಒಂದು ಕಾನ್ವೆಂಟಿಗೆ, ಅನಂತರ ವಾಟರ್‌ಫರ್ಡ್‌ಗೆ ಬಂದರು.

ಇಲ್ಲಿ ಓದಿದ್ದರ ಫಲವಾಗಿ ಮಂಡೇಲಾ ಅವರ ಬದುಕಿನಲ್ಲಿ ಒಂದು ಘಳಿಗೆ ಒದಗಿಬಂತು. ಸ್ವಾಜಿಲ್ಯಾಂಡಿನಲ್ಲಿ ಓದುವಾಗ ಜೆನಾನಿಗೆ ಸೊಭುಜಾನ ಮಗ, ರಾಜಕುಮಾರ ಥುಂಬುಮುಜಿ ದ್ಲಾಮಿನಿಯ ಪರಿಚಯವಾಗಿ ಮುಂದೆ ಮದುವೆಯಾಯಿತು. ಅರಸನ ಸೊಸೆಯಾದ್ದರಿಂದ ಆಕೆಗೆ ರಾಜತಾಂತ್ರಿಕ ಸ್ಥಾನ ಸಿಕ್ಕಿತು. ರಾಬೆನ್ ದ್ವೀಪದಲ್ಲಿ ಕೈದಿಯನ್ನು ನೋಡಲು ಬಂದವರು ದಪ್ಪ ಗಾಜಿನ ಆಚೆ ನಿಂತು ಮಾತಾಡಬೇಕಿತ್ತು, ಮುಟ್ಟುವಂತಿರಲಿಲ್ಲ. 1970ರ ದಶಕದ ಕೊನೆಗೆ ಜೆನಾನಿ ಗಂಡ ಮತ್ತು ಹಸುಗೂಸಿನೊಂದಿಗೆ ಬಂದಾಗ ಆಕೆಯ ಸ್ಥಾನದ ಕಾರಣದಿಂದ ಗಾಜಿಲ್ಲದ ಕೋಣೆಯಲ್ಲಿ ಭೇಟಿಗೆ ಅವಕಾಶ ಕೊಡಬೇಕಾಯಿತು. ಮಗಳು ಮಗುವನ್ನು ಗಂಡನ ಕೈಗೆ ಕೊಟ್ಟು ಓಡಿಬಂದು ತಂದೆಯನ್ನು ಅಪ್ಪಿಕೊಂಡಳು. ಭೇಟಿಯುದ್ದಕ್ಕೂ ಮಂಡೇಲಾ ಆ ಕೂಸನ್ನು ತೊಡೆಯಿಂದ ಇಳಿಸಲಿಲ್ಲ. ಕಲ್ಲುಗಣಿಯ ಕೆಲಸದಿಂದ ಒರಟಾದ ಕೈಗಳಿಗೆ ಅಷ್ಟು ಮೆತ್ತಗಿನ ಜೀವ ಎಷ್ಟೋ ವರ್ಷಗಳ ಮೇಲೆ ಸಿಕ್ಕಿತ್ತು. ಅಜ್ಜ ಇಟ್ಟ ಹೆಸರು ಜಜಿವೆ. ಆ ಹೆಸರಿನಲ್ಲಿ ಅವರು ಕಂಡ ಅರ್ಥ ಭರವಸೆ. ತಮ್ಮ ಆತ್ಮಕಥೆಯಲ್ಲಿ ಮಂಡೇಲಾ ಈ ಭೇಟಿಯನ್ನು ವಿವರವಾಗಿ ಬರೆದಿದ್ದಾರೆ.

ಬೋಟ್ಸ್‌ವಾನಾದ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಮಗ ಇಯಾನ್ ಖಾಮಾ ಕೂಡ ಇಲ್ಲಿನ ವಿದ್ಯಾರ್ಥಿ. ಸೆರೆಟ್ಸೆ 1948ರಲ್ಲಿ ಇಂಗ್ಲಿಷ್ ಮಹಿಳೆ ರೂತ್ ವಿಲಿಯಮ್ಸ್ ಅವರನ್ನು ಮದುವೆಯಾದದ್ದಕ್ಕೆ, ದಕ್ಷಿಣ ಆಫ್ರಿಕದ ಒತ್ತಡಕ್ಕೆ ಮಣಿದ ಬ್ರಿಟಿಷ್ ಸರ್ಕಾರ ಆತನನ್ನು ತಾಯ್ನಾಡಿನಿಂದ ಹೊರಗಿಟ್ಟಿತ್ತು. ಕರಿಯ ತಂದೆ, ಬಿಳಿಯ ತಾಯಿಯ ಮಗನಿಗೆ ಇದಕ್ಕಿಂತ ಒಪ್ಪುವ ಶಾಲೆ ಆ ಭಾಗದಲ್ಲಿ ಮತ್ತೊಂದಿರಲಿಲ್ಲ. ಇಯಾನ್ ಖಾಮಾ 2008ರಿಂದ 2018ರವರೆಗೆ ಬೋಟ್ಸ್‌ವಾನಾದ ಅಧ್ಯಕ್ಷರಾಗಿದ್ದರು. ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿದ್ದು ಆಮೇಲೆ ಅಂಕಣಕಾರರಾಗಿ ಹೆಸರಾದ ಮ್ಯಾಥ್ಯೂ ಪ್ಯಾರಿಸ್, ಎಂಬಬಾನೆಯಲ್ಲೇ 1957ರಲ್ಲಿ ಹುಟ್ಟಿದ ನಟ ರಿಚರ್ಡ್ ಇ. ಗ್ರಾಂಟ್ ಇಲ್ಲಿ ಓದಿದ ಬಿಳಿಯ ಮಕ್ಕಳಲ್ಲಿ ಹೆಸರಾದವರು. ಗ್ರಾಂಟ್ ಅವರ ತಂದೆ ಬ್ರಿಟಿಷ್ ಆಡಳಿತದಲ್ಲಿ ಸ್ವಾಜಿಲ್ಯಾಂಡಿನ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದರು. ಆ ಕಾಲದ ವಸಾಹತು ಬದುಕನ್ನು ಗ್ರಾಂಟ್ ‘ವಾ-ವಾ’ (2005) ಎಂಬ ತಮ್ಮ ಚಿತ್ರದಲ್ಲಿ ತೋರಿಸಿದ್ದಾರೆ.

ದೊಡ್ಡವರ ಮಕ್ಕಳ ಹೆಸರುಗಳಷ್ಟೇ ದಾಖಲೆಯಲ್ಲಿ ಎದ್ದು ಕಾಣುವುದು ಸಹಜ. ಹೆಸರಿಲ್ಲದ ಕುಟುಂಬಗಳ ಮಕ್ಕಳೂ ಇದೇ ಗಡಿ ದಾಟಿ ಬಂದರು. ಅವರಲ್ಲಿ ಕೆಲವರಿಗೆ ಪಾಸ್‌ಪೋರ್ಟ್ ಸಿಗುವುದೇ ಒಂದು ಹೋರಾಟ. 1976ರ ಜೂನ್ 16ರಂದು ಸೊವೆಟೊದ ಶಾಲಾ ಮಕ್ಕಳು ಆಫ್ರಿಕಾನ್ಸ್ ಭಾಷೆಯ ಹೇರಿಕೆಯ ವಿರುದ್ಧ ಬೀದಿಗಿಳಿದು ಗುಂಡೇಟು ತಿಂದ ಮೇಲೆ ಸಾವಿರಾರು ಯುವಕರು ದೇಶ ಬಿಟ್ಟು ಓಡಿದರು. ಸ್ವಾಜಿಲ್ಯಾಂಡ್ ಅವರ ಮುಖ್ಯ ದಾರಿಗಳಲ್ಲಿ ಒಂದಾಯಿತು. ದಕ್ಷಿಣ ಆಫ್ರಿಕದ ಕೈ ಅಲ್ಲಿಗೂ ಚಾಚಿತು. 1982ರ ಜೂನ್‌ನಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಪ್ರತಿನಿಧಿ ದಂಪತಿಯನ್ನು ಮಾಂಜಿನಿ ಪಟ್ಟಣದಲ್ಲಿ ಕಾರ್ ಬಾಂಬ್ ಇಟ್ಟು ಕೊಂದರು. ಶಾಲೆ ಪಾಠ ನಡೆಸಿದ್ದು ಇಂಥ ವಾತಾವರಣದ ನಡುವೆ.

ವಾಟರ್‌ಫರ್ಡ್ ತೋರಿಸಿದ ದಾರಿಯಲ್ಲಿ ಬೇರೆಯವರೂ ನಡೆದರು. ಜೊಹಾನ್ಸ್‌ಬರ್ಗಿನ ಹೆಸರಾಂತ ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥರಾಗಿದ್ದ ಡೀನ್ ಯೇಟ್ಸ್ ಬೋಟ್ಸ್‌ವಾನಾದ ರಾಜಧಾನಿ ಗ್ಯಾಬರೋನ್‌ನಲ್ಲಿ 1972ರಲ್ಲಿ ಮಾರು-ಆ-ಪುಲಾ ಶಾಲೆಯನ್ನು ತೆರೆದರು. ಆ ಹೆಸರಿನ ಅರ್ಥ ಮಳೆಮೋಡಗಳು. ದಕ್ಷಿಣ ಆಫ್ರಿಕದ ಒಳಗೇ ಕ್ಯಾಥೊಲಿಕ್ ಶಾಲೆಗಳು ಕಾನೂನನ್ನು ಲೆಕ್ಕಿಸದೆ ಕರಿಯ ಮಕ್ಕಳನ್ನು ಸೇರಿಸಿಕೊಳ್ಳತೊಡಗಿದ್ದು 1976ರ ಸುಮಾರಿಗೆ. ವಾಟರ್‌ಫರ್ಡ್ ಅದಾಗಲೇ ಹದಿಮೂರು ವರ್ಷ ಪಾಠ ಮಾಡಿತ್ತು.

ಯು.ಡಬ್ಲ್ಯು.ಸಿ. ಮತ್ತು ಓದಿನ ಕ್ರಮ

ನಾಜಿಗಳನ್ನು ಎದುರಿಸಿ ಸೆರೆಗೆ ಹೋಗಿ, ಅನಂತರ ಬ್ರಿಟನ್‌ನಲ್ಲಿ ನೆಲೆಸಿದ ಜರ್ಮನ್ ಶಿಕ್ಷಣತಜ್ಞ ಕುರ್ಟ್ ಹಾನ್ ಅವರ ಚಿಂತನೆಯಿಂದ 1962ರಲ್ಲಿ ವೇಲ್ಸ್‌ನ ಸೇಂಟ್ ಡೊನಾಟ್ಸ್ ಕೋಟೆಯಲ್ಲಿ ಅಟ್ಲಾಂಟಿಕ್ ಕಾಲೇಜು ಆರಂಭವಾಯಿತು. ಶೀತಲ ಸಮರದಲ್ಲಿ ಒಬ್ಬರನ್ನೊಬ್ಬರು ಶತ್ರುಗಳೆಂದು ಎಣಿಸಿದ ದೇಶಗಳ ಮಕ್ಕಳು ಎರಡು ವರ್ಷ ಒಂದೇ ಸೂರಿನಡಿ ಇರಲಿ ಎಂಬುದು ಅದರ ಉದ್ದೇಶ. ಆ ಒಂದು ಕಾಲೇಜು ಬೆಳೆದು ಯು.ಡಬ್ಲ್ಯು.ಸಿ. ಚಳವಳಿಯಾಯಿತು. ವಾಟರ್‌ಫರ್ಡ್ ಅದಕ್ಕೆ ಸೇರಿದಾಗ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಚಳವಳಿಯ ತತ್ವ ಇಲ್ಲಿ ಹದಿನೆಂಟು ವರ್ಷ ಮೊದಲೇ ದಿನಚರಿಯಾಗಿತ್ತು. ಬಿಡುಗಡೆಯಾದ ಮೇಲೆ ಮಂಡೇಲಾ ಯು.ಡಬ್ಲ್ಯು.ಸಿ.ಯ ಗೌರವಾಧ್ಯಕ್ಷರಾದರು. ಈಗ ನಾಲ್ಕು ಖಂಡಗಳಲ್ಲಿ ಇಂಥ 18 ಶಾಲೆ ಕಾಲೇಜುಗಳಿವೆ. ಭಾರತದಲ್ಲಿರುವುದು ಪುಣೆಯ ಹತ್ತಿರ ಮುಳಶಿಯ ಬೆಟ್ಟದ ಮೇಲೆ 1997ರಲ್ಲಿ ಆರಂಭವಾದ ಮಹೀಂದ್ರ ಕಾಲೇಜು. ವಾಟರ್‌ಫರ್ಡ್ ಮುಖ್ಯಸ್ಥರಾಗಿದ್ದ ಲಾರೆನ್ಸ್ ನಾಡರ್ 2014ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ತೆರೆದ ರಾಬರ್ಟ್ ಬಾಷ್ ಕಾಲೇಜಿನ ಮೊದಲ ಮುಖ್ಯಸ್ಥರಾಗಿ ಹೋದರು. ಆಫ್ರಿಕದ ಅನುಭವ ಯುರೋಪಿಗೆ ಪಾಠ ಹೇಳಿದ ಪ್ರಸಂಗವಿದು, ಹಾಗಾಗಿ ಇಲ್ಲಿ ದಾಖಲಿಸಬೇಕು.

ಬಹುತೇಕ ಯು.ಡಬ್ಲ್ಯು.ಸಿ. ಕಾಲೇಜುಗಳಲ್ಲಿ ಕೊನೆಯ ಎರಡು ವರ್ಷದ ಓದು ಮಾತ್ರ. ವಾಟರ್‌ಫರ್ಡ್‌ನಲ್ಲಿ ಪ್ರೌಢಶಾಲೆಯ ಮೊದಲ ತರಗತಿಯಾದ ‘ಫಾರ್ಮ್ ಒನ್’ನಿಂದಲೇ ಮಕ್ಕಳು ಸೇರುತ್ತಾರೆ. ಫಾರ್ಮ್ ಫೈವ್ ಮುಗಿದಾಗ ಕೇಂಬ್ರಿಜ್‌ನ ಐ.ಜಿ.ಸಿ.ಎಸ್.ಇ. ಪರೀಕ್ಷೆ, ಆಮೇಲೆ ಎರಡು ವರ್ಷ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ (ಐ.ಬಿ.) ಡಿಪ್ಲೊಮಾ. ಇದರಲ್ಲಿ ಆರು ವಿಷಯಗಳು, 4,000 ಪದಗಳ ಮಿತಿಯ ಒಂದು ಸ್ವಂತ ಅಧ್ಯಯನ ಪ್ರಬಂಧ, ಜ್ಞಾನಮೀಮಾಂಸೆಯ ಒಂದು ಪತ್ರಿಕೆ, ಜೊತೆಗೆ ಕಲೆ, ಆಟ, ಸೇವೆಗಳ ಕಡ್ಡಾಯ ಚಟುವಟಿಕೆ. ಒಟ್ಟು 45 ಅಂಕ. ದಕ್ಷಿಣ ಗೋಲಾರ್ಧದ ಶಾಲೆಯಾದ್ದರಿಂದ ವರ್ಷ ಆರಂಭವಾಗುವುದು ಜನವರಿಯಲ್ಲಿ, ಐ.ಬಿ. ಪರೀಕ್ಷೆ ನವೆಂಬರಿನಲ್ಲಿ. ಒಟ್ಟು ವಿದ್ಯಾರ್ಥಿಗಳು 600ರ ಆಸುಪಾಸು.

ಸಮುದಾಯ ಸೇವೆ ಇಲ್ಲಿ ಐ.ಬಿ. ಬರುವ ಮೊದಲಿನಿಂದಲೂ ಇದ್ದ ರೂಢಿ. ಎಸ್ವಾಟಿನಿಯಲ್ಲಿ ವಯಸ್ಕರ ಪೈಕಿ ಕಾಲುಭಾಗದಷ್ಟು ಜನರಲ್ಲಿ ಎಚ್.ಐ.ವಿ. ಸೋಂಕಿದೆ, ಪ್ರಮಾಣದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು. ಈ ರೋಗ ತಂದೆತಾಯಿಗಳನ್ನು ಕಿತ್ತುಕೊಂಡು ಒಂದು ಪೀಳಿಗೆಯ ಮಕ್ಕಳನ್ನು ಅಜ್ಜಿಯರ ಮಡಿಲಿಗೆ ಹಾಕಿತು. ಬೆಟ್ಟದ ಮೇಲಿನ ಶಾಲೆಗೆ ಕೆಳಗಿನ ಊರಿನ ಈ ಸಂಕಟ ಕಾಣದಿರಲು ಸಾಧ್ಯವಿಲ್ಲ. ದೇಶದ ಪೂರ್ವ ಭಾಗದ ಮಲಿಂಡ್ಜಾದಲ್ಲಿ ನಿರಾಶ್ರಿತರ ಶಿಬಿರವಿದೆ. ಆಫ್ರಿಕದ ನಾನಾ ಯುದ್ಧಗಳಿಂದ ತಪ್ಪಿಸಿಕೊಂಡು ಬಂದವರು ಅಲ್ಲಿದ್ದಾರೆ. ವಾಟರ್‌ಫರ್ಡ್ ವಿದ್ಯಾರ್ಥಿಗಳು ಆ ಶಿಬಿರದಲ್ಲೂ ಕೆಲಸ ಮಾಡುತ್ತ ಬಂದಿದ್ದಾರೆ.

ವರ್ಣಭೇದ ನೀತಿಯ ನಂತರ

1990ರ ಫೆಬ್ರವರಿ 11ರಂದು ಮಂಡೇಲಾ ಬಿಡುಗಡೆಯಾದರು. 1994ರ ಏಪ್ರಿಲ್‌ನಲ್ಲಿ ಎಲ್ಲ ಬಣ್ಣದವರೂ ಮತ ಹಾಕಿದರು. 1996ರ ದಕ್ಷಿಣ ಆಫ್ರಿಕದ ಶಾಲಾ ಕಾಯಿದೆ ಸರ್ಕಾರಿ ಶಾಲೆಗಳ ಪ್ರವೇಶದಲ್ಲಿ ಭೇದ ಮಾಡುವುದನ್ನು ನಿಷೇಧಿಸಿತು. ಯಾವ ಕೆಡುಕಿಗೆ ಎದುರಾಗಿ ಶಾಲೆ ಹುಟ್ಟಿತ್ತೋ ಆ ಕೆಡುಕು ಕಾನೂನಿನಿಂದ ಅಳಿಸಿಹೋಯಿತು. ಹಾಗಾದರೆ ಈ ಶಾಲೆಯ ಕೆಲಸ ಮುಗಿಯಿತೇ ಎಂಬ ಪ್ರಶ್ನೆ ಸಹಜ.

ಬಣ್ಣದ ಗೋಡೆ ಬಿದ್ದ ಕಡೆಯಲ್ಲೆಲ್ಲ ಹಣದ ಗೋಡೆ ನಿಂತಿದೆ. ಒಳ್ಳೆಯ ಅಂತರರಾಷ್ಟ್ರೀಯ ಶಾಲೆಯ ಫೀಸು ಆಫ್ರಿಕದ ಯಾವ ರಾಜಧಾನಿಯಲ್ಲೂ ಸಾಮಾನ್ಯ ಸಂಬಳದವರ ಕೈಗೆಟುಕುವುದಿಲ್ಲ. ವಾಟರ್‌ಫರ್ಡ್ ಫೀಸೂ ಸ್ವಾಜಿ ರೈತನಿಗೆ ಎಟುಕುವಂಥದ್ದಲ್ಲ. ಆದ್ದರಿಂದ ಇಲ್ಲಿನ ಸ್ಕಾಲರ್‌ಶಿಪ್ ವ್ಯವಸ್ಥೆಯನ್ನು ದಾನಧರ್ಮದ ಬಾಬ್ತು ಎಂದು ನೋಡಬಾರದು. ಶಾಲೆ ತನ್ನ ಹುಟ್ಟಿನ ಉದ್ದೇಶವನ್ನು ಉಳಿಸಿಕೊಂಡಿರುವುದೇ ಅದರಿಂದ. ದಾನಿಗಳ ಹಣದಿಂದಲೂ ಯು.ಡಬ್ಲ್ಯು.ಸಿ.ಯ ರಾಷ್ಟ್ರೀಯ ಸಮಿತಿಗಳ ಆಯ್ಕೆಯಿಂದಲೂ ಬಂದ ಮಕ್ಕಳು, ಪೂರ್ತಿ ಫೀಸು ಕಟ್ಟುವ ಮನೆಗಳ ಮಕ್ಕಳ ಪಕ್ಕದ ಮಂಚದಲ್ಲೇ ಮಲಗುತ್ತಾರೆ. ಇಲ್ಲಿಂದ ಹೊರಬಂದವರಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದಲು ಶೆಲ್ಬಿ ಡೇವಿಸ್ ಅವರ ಕೊಡುಗೆಯಿಂದ 2000ದಲ್ಲಿ ಆರಂಭವಾದ ಡೇವಿಸ್ ವಿದ್ಯಾರ್ಥಿವೇತನ ಸಿಗುವ ಅವಕಾಶವಿದೆ. ಬಡ ಮನೆಯ ಮಕ್ಕಳಿಗೆ ಇದು ದೊಡ್ಡ ಬಾಗಿಲು.

ಯು.ಡಬ್ಲ್ಯು.ಸಿ.ಗೆ ಭಾರತದಲ್ಲೂ ರಾಷ್ಟ್ರೀಯ ಸಮಿತಿಯಿದೆ. ಹದಿನಾರು ಹದಿನೇಳರ ವಯಸ್ಸಿನ ವಿದ್ಯಾರ್ಥಿಗಳು ಅದರ ಮೂಲಕ ಅರ್ಜಿ ಹಾಕಬಹುದು. ಆಯ್ಕೆಯಾದವರಿಗೆ ಮನೆಯ ಆದಾಯ ನೋಡಿ ನೆರವು ನಿಗದಿ ಮಾಡುತ್ತಾರೆ. ದೊಡ್ಡ ನಗರಗಳ ಇಂಗ್ಲಿಷ್ ಶಾಲೆಗಳ ಆಚೆಗೆ ಈ ಸುದ್ದಿ ತಲುಪುವುದು ಕಡಿಮೆ. ಜಿಲ್ಲೆ, ತಾಲ್ಲೂಕುಗಳ ಹೈಸ್ಕೂಲ್ ಮೇಷ್ಟ್ರುಗಳು ತಮ್ಮ ಹತ್ತನೆಯ ತರಗತಿಯ ಚುರುಕು ಮಕ್ಕಳಿಗೆ ಇದನ್ನು ತಿಳಿಸಬೇಕು.